ನೂಲಿನ ಗೂಡು, ಮುನಿಯಮ್ಮನ ಎಮ್ಮೆ

ಕಳೆದ ತಿಂಗಳು ಆರ್.ಟಿ. ನಗರದ ಒಂದು ಕಲ್ಯಾಣಮಂಟಪದಲ್ಲಿ ನಾನು ಸಿಕ್ಕಿಬಿದ್ದೆ. ಕಳ್ಳತನವೇನಲ್ಲ ಬಿಡಿ. ಪಕ್ಕದ ಕುರ್ಚಿಯಲ್ಲಿದ್ದ ಹೆಂಗಸು ತಮ್ಮ ಚರ್ಮದ ಕೈಚೀಲವನ್ನು ಅಲ್ಲೇ ಇಟ್ಟು, ಊಟದ ಸಾಲು ಎಷ್ಟುದ್ದ ಇದೆಯೆಂದು ನೋಡಲು ಹೋಗಿದ್ದರು. ನಾನು ಅದನ್ನು ಮೆಲ್ಲಗೆ ಎತ್ತಿ, ಅಂಗಾತ ಮಾಡಿ, ಕನ್ನಡಕವನ್ನು ಹಣೆಗೇರಿಸಿ, ತಳದ ಹೊಲಿಗೆಯನ್ನು ಉಗುರಿನಿಂದ ಸವರಿ ನೋಡುತ್ತಿದ್ದೆ. ಆಕೆ ಯಾವಾಗ ಬಂದು ಬೆನ್ನ ಹಿಂದೆ ನಿಂತರೋ ತಿಳಿಯಲಿಲ್ಲ.

"ಏನ್ರೀ ಹುಡುಕ್ತಾ ಇದ್ದೀರಾ?"

ಕ್ಷಮೆ ಕೇಳಬೇಕಾದವಳು, "ಮೇಲೆ ಹೊಲಿಗೆ ತುಂಬಾ ಚೆನ್ನಾಗಿದೆ. ಕೆಳಗಡೆ ಮಾತ್ರ ನೂಲು ಸ್ವಲ್ಪ ಸಡಿಲ ಕಣ್ರೀ" ಅಂದುಬಿಟ್ಟೆ. ಆಕೆ ಚೀಲವನ್ನು ಕಂಕುಳಿಗೆ ಅವಚಿಕೊಂಡು, ವಧೂವರರ ಕಡೆ ಒಮ್ಮೆಯೂ ನೋಡದೆ, ಊಟ ಮುಗಿಯುವ ತನಕ ನನ್ನನ್ನೇ ಕಾಯುತ್ತಿದ್ದರು.

ಏನು ಮಾಡಲಿ ಹೇಳಿ? ಚರ್ಮದ ವಸ್ತು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಬಸ್ಸಿನಲ್ಲಿ ಮುಂದೆ ನಿಂತವರ ಬೆಲ್ಟು, ಬ್ಯಾಂಕಿನಲ್ಲಿ ಕ್ಯಾಷಿಯರರ ಪರ್ಸು, ದೇವಸ್ಥಾನದ ಹೊರಗೆ ಬಿಟ್ಟ ಚಪ್ಪಲಿಗಳು, ಎಲ್ಲದರ ಹಿಂಬದಿಯೂ ನನಗೆ ಬೇಕು. ಮುಖದ ಹೊಲಿಗೆ ಎಲ್ಲರದೂ ಚೆನ್ನಾಗಿಯೇ ಇರುತ್ತದೆ. ಹೊಲಿದವರು ಪಟ್ಟ ಪಾಡೆಲ್ಲ ಇರುವುದು ಅಡಿಯಲ್ಲಿ.

ನಾನು ವೃತ್ತಿಯಿಂದ ಚರ್ಮದವಳಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಒಮ್ಮೆ ಗೊರಗುಂಟೆಪಾಳ್ಯದಲ್ಲಿ ಬಸ್ಸು ಇಳಿಯುವಾಗ ನನ್ನ ಹೆಗಲ ಚೀಲದ ಪಟ್ಟಿ ಕಿತ್ತುಹೋಯಿತು. ಉತ್ತರ ಪತ್ರಿಕೆಗಳು, ಊಟದ ಡಬ್ಬಿ, ಮನೆಯ ಬೀಗದ ಕೈ, ಬಾಚಣಿಗೆ ಎಲ್ಲ ತುಮಕೂರು ರಸ್ತೆಯ ಪಾಲಾದವು. ಅತ್ತ ಲಾರಿ, ಇತ್ತ ಬಸ್ಸು, ನಡುವೆ ನಾನು ಕುಕ್ಕರಗಾಲಲ್ಲಿ ಕೂತು ಎಂಟನೇ ತರಗತಿಯ ಬೀಜಗಣಿತವನ್ನು ಆರಿಸುತ್ತಿದ್ದೆ. ಆ ಸಿಟ್ಟಿನಲ್ಲಿ ಇನ್ನು ಮುಂದೆ ನನ್ನ ಚೀಲ ನಾನೇ ಹೊಲಿದುಕೊಳ್ಳುತ್ತೇನೆ ಎಂದು ಮನೆಯಲ್ಲಿ ಘೋಷಿಸಿದೆ. ನನ್ನವರು ಪೇಪರಿನಿಂದ ತಲೆ ಎತ್ತದೆ, "ಹೊಲಿ" ಅಂದರು. ಅವರಿಗೆ ಆಗ ಗೊತ್ತಿರಲಿಲ್ಲ, ವಿದ್ಯಾರಣ್ಯಪುರದ ನಮ್ಮ ಮನೆಯ ಶೆಡ್ಡಿನಿಂದ ಅವರ ಕಾರು ಶಾಶ್ವತವಾಗಿ ಹೊರಬೀಳಲಿದೆ ಎಂದು.

ಯಶವಂತಪುರದಲ್ಲಿ ಬಾಗಿಲು ಮುಚ್ಚಿದ ಶೂ ಕಾರ್ಖಾನೆಯೊಂದರ ಹಳೆಯ ಹೊಲಿಗೆ ಯಂತ್ರವನ್ನು ತಂದೆ. ಗೂಡ್ಸ್ ಆಟೋದಿಂದ ಇಳಿಸಿದವರು ಬೆನ್ನು ಹಿಡಿದುಕೊಂಡು ಹೋದರು. ಬಟ್ಟೆ ಹೊಲಿಯುವ ಯಂತ್ರಕ್ಕೂ ಇದಕ್ಕೂ ಬೆಕ್ಕಿಗೂ ಹುಲಿಗೂ ಇರುವಷ್ಟು ನಂಟು. ಬಟ್ಟೆಯನ್ನು ಒತ್ತಿ ಹಿಡಿಯುವ ಲೋಹದ ಪಾದ ಇದರಲ್ಲಿ ತಾನೇ ಹೆಜ್ಜೆ ಹಾಕುತ್ತದೆ. ದಪ್ಪ ಚರ್ಮವನ್ನು ತುಳಿದು, ಎತ್ತಿ, ಮುಂದೆ ತಳ್ಳಿ, ಮತ್ತೆ ತುಳಿಯುತ್ತದೆ. ಸದ್ದು ಕೇಳಿದರೆ ಯಾರೋ ಮರದ ಚಪ್ಪಲಿ ಹಾಕಿಕೊಂಡು ಮೆಟ್ಟಿಲು ಇಳಿದಂತೆ ಇರುತ್ತದೆ.

ಅಮ್ಮನ ಹತ್ತಿರ ಕೈಯಿಂದ ತಿರುಗಿಸುವ ಪುಟ್ಟ ಯಂತ್ರವಿತ್ತು. ನನ್ನ ಲಂಗಗಳೆಲ್ಲ ಅದರಿಂದಲೇ ಹುಟ್ಟಿದ್ದು. ಸೂಜಿಗೆ ನೂಲು ಪೋಣಿಸುವ ಕೆಲಸ ನನ್ನದು. ನೂಲಿನ ತುದಿಯನ್ನು ಬಾಯಲ್ಲಿಟ್ಟು ಒದ್ದೆ ಮಾಡಿ ಚೂಪು ಮಾಡುವಾಗ ಬರುತ್ತಿದ್ದ ಬಣ್ಣದ ರುಚಿ ಇನ್ನೂ ನೆನಪಿದೆ. ಕೆಂಪು ನೂಲು ಸ್ವಲ್ಪ ಒಗರು ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಯಂತ್ರ ಇದ್ದಕ್ಕಿದ್ದಂತೆ ಕಚ್ಚಿಕೊಂಡು ನಿಂತರೆ ಅಮ್ಮ ಬಟ್ಟೆ ತಿರುವಿ, ಅಡಿಯಲ್ಲಿ ಕಟ್ಟಿದ ನೂಲಿನ ಸಿಕ್ಕನ್ನು ಕತ್ತರಿಸಿ ನನ್ನ ಕೈಗೆ ಹಾಕುತ್ತಿದ್ದಳು. ಅವಳಿಗದು ತಲೆನೋವು, ನನಗೆ ಗೊಂಬೆಯ ಕೂದಲು. ನನ್ನ ಗೊಂಬೆಗೆ ಹಸಿರು ಕೂದಲೂ ಇತ್ತು, ನೀಲಿಯೂ ಇತ್ತು. ಯಂತ್ರ ಸರಿಯಾಗಿ ಓಡಿದ ವಾರಗಳಲ್ಲಿ ಪಾಪ ಅದು ಬೋಳು. ಯಂತ್ರ ಕಚ್ಚಿಕೊಳ್ಳಲಿ ದೇವರೇ ಎಂದು ಬೇಡಿಕೊಂಡ ಹುಡುಗಿ ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು.

ದೇವರು ಆ ಬೇಡಿಕೆಯನ್ನು ತಡವಾಗಿ, ಆದರೆ ಧಾರಾಳವಾಗಿ ಈಡೇರಿಸಿದ. ನನ್ನ ಯಂತ್ರ ಕಚ್ಚಿಕೊಳ್ಳುವುದರಲ್ಲಿ ನಿಸ್ಸೀಮ. ಪರ್ಸು ಹೊಲಿಯುವಾಗ ಕಚ್ಚಿಕೊಂಡರೆ ಬಯ್ದುಕೊಂಡು ಕಾಫಿ ಕುಡಿದು ಬರಬಹುದು. ಅದು ಜೀವದ ಜೊತೆ ಆಟವಾಡಿದ ದಿನವೊಂದಿದೆ. ಅದನ್ನು ನಿಮಗೆ ಹೇಳಲೇಬೇಕು. ಈಗ ನೆನೆದರೂ ನನ್ನ ಕಾಲು ತಾನಾಗಿ ಪೆಡಲು ಹುಡುಕುತ್ತದೆ.

ನಮ್ಮ ರಸ್ತೆಗೆ ಹಾಲು ಕೊಡುವವಳು ಮುನಿಯಮ್ಮ. ಸುತ್ತ ಎಲ್ಲ ಸೈಟುಗಳಲ್ಲಿ ಮನೆ ಎದ್ದರೂ, ಉಳಿದಿರುವ ಖಾಲಿ ಜಾಗಗಳ ಹುಲ್ಲನ್ನು ನಂಬಿಕೊಂಡು ಒಂದೇ ಒಂದು ಎಮ್ಮೆ ಸಾಕಿದ್ದಾಳೆ. ಅದರ ಹೆಸರು ಮೇಡಂ. ಇದೇನೇ ಹೆಸರು ಎಂದು ಕೇಳಿದ್ದಕ್ಕೆ, "ಅದು ನಡ್ಯಾದು ನೋಡಿ. ಆಪೀಸ್‌ಗೆ ಓಗೋ ಮೇಡಮ್ಮು ಇಂಗೇ ಅಲ್ವಾ ನಡ್ಯಾದು? ಆರನ್ ಒಡುದ್ರೂ ತಿರುಗಿ ನೋಡಲ್ಲ" ಎಂದಿದ್ದಳು. ನನ್ನನ್ನೂ ಅವಳು ಮೇಡಂ ಎಂದೇ ಕರೆಯುವುದರಿಂದ ಈ ವಿವರಣೆಯನ್ನು ನಾನು ಹೆಚ್ಚು ಕೆದಕಲಿಲ್ಲ.

ಆ ದಿನ ಬೆಳಿಗ್ಗೆ ಅವಳು ಗೇಟಿನ ಹತ್ತಿರ ನಿಂತು ಕೂಗಿದಳು. "ಮೇಡಂ, ಮೇಡಂ ಎದ್ದೇಳ್ತಾ ಇಲ್ಲ ಮೇಡಂ!"

ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ನಮ್ಮ ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರು. ನೀರಿನ ತೊಟ್ಟಿಗೆ ತೆಗೆದಿದ್ದ ಗುಂಡಿಗೆ ಎಮ್ಮೆ ಬಿದ್ದಿತ್ತು. ಕೆಲಸಗಾರರು ಒಂದು ಬದಿಯ ಮಣ್ಣನ್ನು ಇಳಿಜಾರು ಮಾಡಿ, ಹಲಗೆ ಹಾಸಿ, ಹೇಗೋ ಮೇಲಕ್ಕೆ ಎಳೆದು ತಂದಿದ್ದರು. ಆದರೆ ಅದು ಮರಳಿನ ಗುಡ್ಡೆಯ ಪಕ್ಕ ಮಲಗಿದ್ದು ಮಲಗಿಯೇ ಇತ್ತು. ಮುಂಗಾಲು ಊರಿ ಏಳಲು ನೋಡುತ್ತಿತ್ತು, ಹಿಂಗಾಲು ಬರುತ್ತಿರಲಿಲ್ಲ. ಪ್ರತಿ ಸಲ ಕುಸಿದಾಗಲೂ ಮೂಗಿನಿಂದ ಒಂದು ದೀರ್ಘ ಉಸಿರು ಬಿಡುತ್ತಿತ್ತು. ಮುನಿಯಮ್ಮ ಅದರ ಕೊಂಬಿನ ಬುಡವನ್ನು ತಬ್ಬಿಕೊಂಡು ಕೂತುಬಿಟ್ಟಳು.

ಹೆಬ್ಬಾಳದ ಕಡೆಯಿಂದ ಪಶುವೈದ್ಯೆ ಪಲ್ಲವಿ ಬಂದರು. ಚಿಕ್ಕ ವಯಸ್ಸಿನ, ಚುರುಕಿನ ಹೆಣ್ಣುಮಗಳು. ಮೇಲ್ಸೇತುವೆಯ ಟ್ರಾಫಿಕ್ಕನ್ನು ಬಯ್ಯುತ್ತಲೇ ಗಮ್‌ಬೂಟು ಹಾಕಿಕೊಂಡು ಎಮ್ಮೆಯ ಬೆನ್ನು, ಸೊಂಟ, ತೊಡೆ ಎಲ್ಲ ಒತ್ತಿ ನೋಡಿದರು. ಸೂಜಿಯಿಂದ ಗೊರಸಿನ ಮೇಲಿನ ಚರ್ಮಕ್ಕೆ ಚುಚ್ಚಿದಾಗ ಹಿಂಗಾಲು ಮಿಡುಕಿತು. ಅವರ ಮುಖ ಅರಳಿತು.

"ಮೂಳೆ ಮುರಿದಿಲ್ಲ. ನರಕ್ಕೆ ಪೆಟ್ಟಾಗಿದೆ ಅಷ್ಟೆ. ಇಂಜೆಕ್ಷನ್ ಕೊಟ್ಟಿದ್ದೀನಿ. ಆದ್ರೆ ಇವಳು ಇವತ್ತೇ ನಿಲ್ಲಬೇಕು. ಇಷ್ಟು ಭಾರದ ಪ್ರಾಣಿ ಹೀಗೇ ಮಲಗಿದ್ರೆ ತನ್ನ ಭಾರಕ್ಕೇ ಕಾಲಿನ ಮಾಂಸ ಸತ್ತುಹೋಗುತ್ತೆ. ಆಮೇಲೆ ಏನೂ ಮಾಡಕ್ಕಾಗಲ್ಲ."

"ಎಂಗ್ ನಿಲ್ಸಾದು ತಾಯಿ?" ಎಂದಳು ಮುನಿಯಮ್ಮ.

"ಹೊಟ್ಟೆ ಕೆಳಗೆ ಅಗಲವಾದ ಪಟ್ಟಿ ಹಾಕಿ ಎತ್ತಬೇಕು. ನನ್ನ ಹತ್ರ ಇದ್ದಿದ್ದು ಒಂದು ಕುದುರೆಗೆ ಕೊಟ್ಟಿದ್ದೀನಿ, ಅದು ಊರಾಚೆ ಇದೆ. ನಾಳೆ ತರಬಹುದು. ಆದ್ರೆ ನಾಳೆ ಅಂದ್ರೆ..." ಪಲ್ಲವಿ ಮತ್ತೆ ಎಮ್ಮೆಯ ತೊಡೆ ಒತ್ತಿ ನೋಡಿದರು.

ಎತ್ತಲು ಕ್ರೇನ್ ಅಲ್ಲೇ ಇತ್ತು. ಕಬ್ಬಿಣದ ಸರಳುಗಳನ್ನು ಇಳಿಸಲು ಬಂದಿತ್ತು. ಅದರ ಚಾಲಕ ಬಸಣ್ಣ ಕಲಬುರ್ಗಿ ಕಡೆಯವನು. "ನಾ ಎತ್ತತೀನ್ರೀ ಮೇಡಂ. ಹೂವಿನಂಗ ಎತ್ತತೀನಿ. ಆದ್ರ ನಮ್ಮ ಬೆಲ್ಟ್ ನೋಡ್ರಿ, ಕಬ್ಬಿಣಕ್ಕ ಮಾಡಿದ್ದು. ಇದನ್ನ ಕಟ್ಟಿದ್ರ ಹೊಟ್ಟಿ ಕೊಯ್ತದ. ಮತ್ತ ಕತ್ತಲಾಗೂದ್ರಾಗ ನಾ ಗಾಡಿ ತಗೊಂಡು ಹೋಗಬೇಕ್ರಿ, ಬ್ಯಾರೆ ಕೆಲಸ ಅದ."

ಅವನ ಕೈಯಲ್ಲಿದ್ದ ಬೆಲ್ಟನ್ನು ನಾನು ಅಭ್ಯಾಸಬಲದಿಂದ ತಿರುವಿ ನೋಡಿದೆ. ಗಟ್ಟಿ ನೇಯ್ಗೆ, ಅಂಚು ಗರಗಸದ ಹಾಗೆ. ಇಂಥ ನಾಲ್ಕು ಬೆಲ್ಟುಗಳನ್ನು ಅಗಲವಾದ ಚರ್ಮದ ಹಾಸಿನ ಮೇಲೆ ಸಾಲಾಗಿ ಕೂಡಿಸಿ, ಚರ್ಮದ ಬದಿ ಹೊಟ್ಟೆಗೆ ಬರುವಂತೆ ಹೊಲಿದರೆ? ಭಾರ ಬೆಲ್ಟಿನ ಮೇಲೆ, ಮೆತ್ತನೆಯದು ಮೈಗೆ. ಅಗಲ, ಉದ್ದ, ಭಾರ ಹಂಚಿಕೆ ಎಲ್ಲ ತಲೆಯಲ್ಲಿ ಪಟಪಟ ಬಿಡಿಸಿಕೊಂಡಿತು. ಎಷ್ಟೋ ವರ್ಷ ಕರಿಹಲಗೆಯ ಮುಂದೆ ಬರದ ಆವೇಶ ಆ ಮರಳು ಗುಡ್ಡೆಯ ಮುಂದೆ ಬಂತು.

"ನಾನು ಹೊಲೀತೀನಿ!" ಎಂದೆ.

ಎಲ್ಲರೂ ನನ್ನನ್ನು ನೋಡಿದರು. ಎಮ್ಮೆಯೂ ನೋಡಿತು ಎಂದು ನನ್ನ ನಂಬಿಕೆ.

ಈಗ ಶಾಹೀನಳನ್ನು ನಿಮಗೆ ಪರಿಚಯಿಸಬೇಕು. ನಮ್ಮ ಮನೆಯ ಮಹಡಿಯ ಮೇಲೆ ಬಾಡಿಗೆಗಿರುವ ಹಲ್ಲಿನ ಡಾಕ್ಟರು, ಆರ್.ಟಿ. ನಗರದ ಹುಡುಗಿ, ಮನೆಯಲ್ಲಿ ದಖನಿ ಉರ್ದು, ನನ್ನ ಹತ್ತಿರ ಕನ್ನಡ, ಸಿಟ್ಟು ಬಂದರೆ ಎರಡೂ. ಕ್ಲಿನಿಕ್ ನಮ್ಮ ಹಿಂದಿನ ರಸ್ತೆಯಲ್ಲೇ. ಅವಳಿಗೂ ನನ್ನ ಚರ್ಮದ ಹುಚ್ಚು ಅಂಟಿತ್ತು. ಭಾನುವಾರಗಳಲ್ಲಿ ನಾವಿಬ್ಬರೂ ಶೆಡ್ಡಿನಲ್ಲಿ ಕೂತು ಕಿವಿ ಸೊಟ್ಟಗಿರುವ ಚೀಲಗಳನ್ನು ಹೊಲಿದು ನೆಂಟರಿಗೆ ಹಂಚುತ್ತಿದ್ದೆವು. ಅವಳಿಗೆ ಫೋನ್ ಮಾಡಿ ವಿಷಯ ಹೇಳಿದೆ.

"ಅರೆ, ಎಮ್ಮೆನಾ? ನಿಜವಾದ ಎಮ್ಮೆ?" ಅಂದವಳು, ಒಂದು ಹಲ್ಲು ಮುಗಿಸಿ, ಉಳಿದವರನ್ನು ಸಂಜೆಗೆ ಬರಹೇಳಿ, ಏಪ್ರನ್ನಿನಲ್ಲೇ ಓಡಿ ಬಂದಳು.

ಚೀಲಗಳಿಗೆಂದು ತಂದಿಟ್ಟಿದ್ದ ಅಖಂಡ ಚರ್ಮವೊಂದನ್ನು ಶೆಡ್ಡಿನ ನೆಲದ ಮೇಲೆ ಹರಡಿದೆವು. ಬೆಲ್ಟು ಕೊಡಲು ಬಂದ ಮುನಿಯಮ್ಮ ಬಾಗಿಲಲ್ಲಿ ನಿಂತು ಅದನ್ನೇ ನೋಡಿದಳು. "ಇದ್ಯಾವುದರ ತೊಗಲು ಮೇಡಂ?"

ನಾನು ಶಾಹೀನಳ ಮುಖ ನೋಡಿದೆ. ಶಾಹೀನ ಕತ್ತರಿಯನ್ನು ನೋಡಿದಳು. ಅದು ಎಮ್ಮೆಯದೇ.

"ಗೊತ್ತಾಯ್ತು ಬಿಡಿ" ಎಂದಳು ಮುನಿಯಮ್ಮ. ಬಗ್ಗಿ ಅಂಗೈಯಿಂದ ಒಮ್ಮೆ ಸವರಿದಳು. "ನಮ್ ಮೇಡಮ್ಮುನ್ ಅಕ್ಕನೋ ತಂಗೀನೋ ಆಗಿರ್ತಾಳೆ. ಬಂದು ಎತ್ತಲಿ. ಬೇಗ ಒಲೀರಿ."

ಕತ್ತರಿಸಿದ್ದಾಯಿತು, ಗೋಂದು ಹಚ್ಚಿ ಬೆಲ್ಟುಗಳನ್ನು ಕೂಡಿಸಿದ್ದಾಯಿತು. ನಾನು ಯಂತ್ರದ ಮುಂದೆ ಕೂತು ಪೆಡಲು ಒತ್ತಿದೆ. ಟಕ್, ಟಕ್, ಟಕ್, ಗ್ರ್ರ್ರ್. ನಿಂತಿತು. ಚಕ್ರ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಪಾದ ಎತ್ತಿ, ಪಟ್ಟಿಯನ್ನು ಹೇಗೋ ಬಿಡಿಸಿ ತಿರುವಿದರೆ ಅಡಿಯಲ್ಲಿ ಗುಬ್ಬಚ್ಚಿ ಗೂಡು ಕಟ್ಟಿದ ಹಾಗೆ ನೂಲಿನ ಮುದ್ದೆ.

"ಕೆಳಗಿನ ನೂಲಿನದೇ ತೊಂದರೆ" ಎಂದು ನಾನು ಅಡಿಯ ನೂಲು ಸುತ್ತಿದ ಬಾಬಿನ್ ಇರುವ ಡಬ್ಬಿಯ ಮೇಲಿನ ಸ್ಕ್ರೂ ಬಿಗಿ ಮಾಡಲು ಹೋದೆ.

"ನಕ್ಕೋ ವಸುಧಾ, ಅದನ್ನ ಮುಟ್ಟಬೇಡ! ಗೂಡು ಕೆಳಗಿದ್ರೆ ತಪ್ಪು ಮೇಲಿನದು. ಮೇಲಿನ ನೂಲು ಸಡಿಲ ಇದ್ರೆ ತಾನೇ ಕೆಳಗೆ ಹೋಗಿ ರಾಶಿ ಬೀಳೋದು?"

ನಿಜ. ಇದನ್ನು ನಾವು ಕಲಿತದ್ದು ಒಂದು ಭಾನುವಾರ ಇಡೀ ಹಾಳು ಮಾಡಿಕೊಂಡು. ಅವಸರದಲ್ಲಿ ನನ್ನ ತಲೆಯಿಂದ ಅದು ಹಾರಿಹೋಗಿತ್ತು. ನೂಲನ್ನು ಪೂರಾ ತೆಗೆದೆ. ಪಾದವನ್ನು ಮೇಲೆತ್ತಿದಾಗ ಮಾತ್ರ ನೂಲನ್ನು ಹಿಡಿಯುವ ಬಿಲ್ಲೆಗಳು ಬಾಯಿ ತೆರೆಯುತ್ತವೆ. ನಾನು ಪಾದ ಇಳಿಸಿಯೇ ನೂಲು ಹಾಕಿದ್ದೆ. ಅದು ಬಿಲ್ಲೆಗಳ ನಡುವೆ ಕೂರದೆ ಮೇಲೆಯೇ ತೇಲುತ್ತಿತ್ತು. ಪಾದ ಎತ್ತಿ ಮತ್ತೆ ಪೋಣಿಸಿದೆ. ಕೈಯಿಂದ ಎಳೆದು ನೋಡಿದರೆ ಈಗ ಸರಿಯಾದ ಬಿಗಿ.

ಎರಡೂ ನೂಲಿನ ತುದಿಗಳನ್ನು ಹಿಂದಕ್ಕೆ ಹಿಡಿದುಕೊಂಡು ಶುರು ಮಾಡಿದೆ. ಟಕ್, ಟಕ್, ಟಕ್. ಒಂದು ಗೇಣು ಚೆಂದಾಗಿ ಹೋಯಿತು. ಶಾಹೀನ ಚಪ್ಪಾಳೆ ತಟ್ಟಿದಳು. ಗ್ರ್ರ್ರ್.

"ಸೂಜಿ ಸಣ್ಣದಾಯ್ತು" ಎಂದಳು ಶಾಹೀನ. "ಬಾಬಿನ್ ಬದಲಾಯಿಸು. ಎಣ್ಣೆ ಬಿಡು. ನೂಲೇ ಬೇರೆ ಹಾಕು. ಎಲ್ಲಾ ಒಟ್ಟಿಗೆ ಮಾಡು!"

"ಎಲ್ಲಾ ಒಟ್ಟಿಗೆ ಮಾಡಿದ್ರೆ ಯಾವುದರಿಂದ ಸರಿಹೋಯ್ತು ಅಂತ ಹೇಗೆ ಗೊತ್ತಾಗುತ್ತೆ? ಒಂದೊಂದೇ."

"ಗೊತ್ತಾಗೋದು ಯಾರಿಗೆ ಬೇಕು? ಎಮ್ಮೆ ಏಳಬೇಕು!"

ನಾವು ಜಗಳವಾಡುತ್ತಲೇ ಸೂಜಿ ಬದಲಿಸಿದೆವು. ದಪ್ಪ ನೂಲಿಗೆ ಸಣ್ಣ ಸೂಜಿ ಇದ್ದರೆ ನೂಲು ಅದರ ಕಣ್ಣಿನಲ್ಲೇ ಉಜ್ಜಿ ಎಳೆ ಬಿಡುತ್ತದೆ. ಚರ್ಮಕ್ಕೆಂದೇ ಉಳಿಯಂಥ ತುದಿ ಇರುವ ಸೂಜಿ ಬರುತ್ತದೆ. ಅದರಲ್ಲಿ ದೊಡ್ಡದನ್ನು ಹಾಕಿದೆ. ಸರಾಗವಾಗಿ ಹೋಯಿತು. ಹಾಡಿಕೊಂಡು ಹೋಯಿತು ಎನ್ನಬೇಕು. ನನ್ನ ಎದೆ ಉಬ್ಬಿತು. ಪಟ್ಟಿಯ ಅರ್ಧ ದಾಟುವ ಹೊತ್ತಿಗೆ ಗ್ರ್ರ್ರ್ ಎಂದು ಹಿಂದೆಂದೂ ಕಾಣದಷ್ಟು ಬಲವಾಗಿ ಕಚ್ಚಿಕೊಂಡಿತು. ನೂಲು ಟಪ್ಪನೆ ತುಂಡಾಗಿ ನನ್ನ ಕೆನ್ನೆಗೆ ಹೊಡೆಯಿತು.

ಹೊರಗೆ ಬಿಸಿಲು ವಾಲುತ್ತಿತ್ತು. ಪಲ್ಲವಿ ಬಾಗಿಲಿಗೆ ಬಂದು ನಿಂತರು. ಎಮ್ಮೆಯನ್ನು ಕೆಲಸಗಾರರ ಸಹಾಯದಿಂದ ಇನ್ನೊಂದು ಮಗ್ಗುಲಿಗೆ ಹೊರಳಿಸಿ ಬಂದೆವು ಎಂದಷ್ಟೇ ಹೇಳಿ ಹೋದರು. ಅವರ ಕೈ ಮೊಣಕೈವರೆಗೂ ಮಣ್ಣಾಗಿತ್ತು. ಅಲ್ಲಿ ಅಷ್ಟು ದೊಡ್ಡ ಜೀವ, ಇಲ್ಲಿ ಇಷ್ಟು ಸಣ್ಣ ನೂಲು.

ಕೈಯಿಂದ ಹೊಲಿದುಬಿಡೋಣ ಎಂದಳು ಶಾಹೀನ. ಅಷ್ಟು ದಪ್ಪಕ್ಕೆ, ಅಷ್ಟು ಉದ್ದಕ್ಕೆ, ಭಾರ ತಡೆಯುವ ಹಾಗೆ ಕೈಯಿಂದ ಹೊಲಿಯಲು ನನಗೆ ಎರಡು ದಿನ ಬೇಕು. ಹಟ ಬಂತು. ನಾನು ಪೆಡಲಿನಿಂದ ಕಾಲು ತೆಗೆದೆ. ಮುಚ್ಚಳ ಬಿಚ್ಚಿ, ಟಾರ್ಚು ಹಿಡಿದು, ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ ಅಡಿಯಲ್ಲಿ ನಡೆಯುವುದನ್ನು ನೋಡತೊಡಗಿದೆ.

ನೀವು ನೋಡಿದ್ದೀರೋ ಇಲ್ಲವೋ, ಅದೊಂದು ಸೊಗಸು. ಸೂಜಿ ಕೆಳಗಿಳಿದು ಮೇಲೇಳುವಾಗ ನೂಲು ಸ್ವಲ್ಪ ಉಬ್ಬಿ ಒಂದು ಕುಣಿಕೆಯಾಗುತ್ತದೆ. ತಿರುಗುವ ಕೊಕ್ಕೆಯೊಂದು ಬಂದು ಆ ಕುಣಿಕೆಯನ್ನು ಹಿಡಿದು ಬಾಬಿನ್ನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿ ಬಿಟ್ಟುಬಿಡುತ್ತದೆ. ಮೇಲಿನ ನೂಲು, ಕೆಳಗಿನ ನೂಲು ಒಂದನ್ನೊಂದು ತಬ್ಬುವುದು ಆಗ. ನಾನು ಉಸಿರು ಬಿಗಿಹಿಡಿದು ನೋಡಿದೆ. ಕುಣಿಕೆ ಬಂತು, ಕೊಕ್ಕೆ ಹಿಡಿಯಿತು, ಸುತ್ತಿತು, ಸುತ್ತಿತು, ಮುಕ್ಕಾಲು ದಾರಿಯಲ್ಲಿ ಒಂದು ಕ್ಷಣ ತಡೆದು, ನಡುಗಿ, ಜಾರಿತು. ಮತ್ತೆ ತಿರುಗಿಸಿದೆ. ಅದೇ ಜಾಗ, ಅದೇ ನಡುಕ.

"ಶಾಹೀನ, ಇಲ್ಲೇ! ಪ್ರತಿ ಸಲ ಇಲ್ಲೇ! ಮೆಲ್ಲಗೆ ಹೋದ್ರೆ ಜಾರುತ್ತೆ, ಜೋರಾಗಿ ಹೋದ್ರೆ ಸಿಕ್ಕಿಹಾಕ್ಕೊಳ್ಳುತ್ತೆ. ಹಿಂದೆ ಏನೋ ಇದೆ, ನನಗೆ ಕಾಣ್ತಾ ಇಲ್ಲ."

ಶಾಹೀನ ತಲೆ ಬಗ್ಗಿಸಿ ಇಣುಕಿದಳು. ಅವಳಿಗೂ ಕಾಣಲಿಲ್ಲ. ಇದ್ದಕ್ಕಿದ್ದಂತೆ ನೆಟ್ಟಗಾದಳು. "ಅರೆ, ನಾನು ದಿನಾ ಮಾಡೋ ಕೆಲಸ ಏನು? ಬಾಯಿ ಒಳಗೆ, ಹಿಂದೆ, ಕಾಣದೇ ಇರೋದನ್ನ ನೋಡೋದು!" ಎಂದು ಕೂಗಿ, ಚಪ್ಪಲಿಯನ್ನೂ ಮೆಟ್ಟದೆ ಕ್ಲಿನಿಕ್ಕಿಗೆ ಓಡಿದಳು.

ಹಿಂದಿರುಗಿದಾಗ ಕೈಯಲ್ಲಿ ತಟ್ಟೆ. ಅದರಲ್ಲಿ ಉದ್ದ ಹಿಡಿಯ ಪುಟ್ಟ ದುಂಡು ಕನ್ನಡಿ, ಕೊಕ್ಕಿನಂಥ ಚೂಪು ಕಡ್ಡಿ, ಚಿಮಟ. ಹಣೆಗೆ ದೀಪ ಕಟ್ಟಿಕೊಂಡಳು. ನಾನು ಯಂತ್ರದ ಬಾಯಿ ತೆರೆದು ಹಿಡಿದೆ. ಅವಳು ಕನ್ನಡಿಯನ್ನು ಕೊಕ್ಕೆಯ ಹಿಂದಕ್ಕೆ ತೂರಿಸಿ, ಅಭ್ಯಾಸಬಲದಿಂದ, "ಸ್ವಲ್ಪ ದೊಡ್ಡದಾಗಿ ಆ ಮಾಡಿ" ಎಂದಳು. ಇಬ್ಬರೂ ನಕ್ಕು ನಕ್ಕು ಕನ್ನಡಿ ಬೀಳುವಂತಾಯಿತು.

"ಇರು, ಇರು... ಸಿಕ್ಕಿತು! ಹಳೇ ನೂಲಿನ ಚೂರು. ಕಪ್ಪು. ಎಣ್ಣೇಲಿ ಕಲ್ಲಾಗಿದೆ." ಕಡ್ಡಿಯಿಂದ ಕೆದಕಿ, ಚಿಮಟದಿಂದ ಎಳೆದಳು. ಹುಳುವಿನ ಹಾಗೆ ಬಂತು. ಅದರ ಹಿಂದೆಯೇ ಮಿಣಕ್ಕನೆ ಹೊಳೆಯುವ ಚೂರೊಂದು ತಟ್ಟೆಗೆ ಬಿತ್ತು, ಟಿಣ್. ಎಂದೋ ಮುರಿದ ಸೂಜಿಯ ತುದಿ. ಬಹುಶಃ ಆ ಕಾರ್ಖಾನೆಯ ಕಾಲದ್ದು.

"ಇನ್ನೂ ಇದೆ" ಎಂದಳು ಶಾಹೀನ. ಈಗ ಅವಳ ದನಿ ಪಿಸುಮಾತಾಗಿತ್ತು. "ಆ ಸೂಜಿ ಕೊಕ್ಕೆಗೆ ಗೀರಿದೆ. ಅಂಚಿನಲ್ಲಿ ಸಣ್ಣ ಮುಳ್ಳು ಎದ್ದಿದೆ. ಕೈ ಕೊಡು." ನನ್ನ ಉಗುರನ್ನು ಹಿಡಿದು ಕೊಕ್ಕೆಯ ಅಂಚಿನ ಮೇಲೆ ಎಳೆದಳು. ಚರ್ರ್ ಎಂದು ತಡೆಯಿತು. ನೂಲು ನಡುಗುತ್ತಿದ್ದದ್ದು ಅಲ್ಲೇ!

ಹಲ್ಲಿಗೆ ತುಂಬಿದ ಸಿಮೆಂಟಿನ ಅಂಚನ್ನು ನಯ ಮಾಡಲು ಅವಳ ಬಳಿ ಕೂದಲಿನಷ್ಟು ತೆಳ್ಳನೆಯ ಉಜ್ಜುವ ಪಟ್ಟಿಗಳಿರುತ್ತವೆ. ಅದರಲ್ಲಿ ಒಂದನ್ನು ತೆಗೆದು, ತುಟಿ ಕಚ್ಚಿಕೊಂಡು, ಹಾಲುಹಲ್ಲು ಮುಟ್ಟಿದಷ್ಟು ಜೋಪಾನವಾಗಿ ಉಜ್ಜಿದಳು. ನಾನು ಉಗುರು ಎಳೆದು ನೋಡುವುದು, ಅವಳು ಉಜ್ಜುವುದು; ಹೀಗೇ ನಡೆಯಿತು. ಕೊನೆಗೆ ಉಗುರು ಗಾಜಿನ ಮೇಲೆ ಜಾರಿದಂತೆ ಜಾರಿತು. ಬಟ್ಟೆಯಿಂದ ಒರೆಸಿ, ಒಂದು ತೊಟ್ಟು ಎಣ್ಣೆ ಬಿಟ್ಟೆ. ಚಕ್ರವನ್ನು ಕೈಯಿಂದ ತಿರುಗಿಸಿದೆ. ಕುಣಿಕೆ ಬಂತು, ಕೊಕ್ಕೆ ಹಿಡಿಯಿತು, ಸುತ್ತಿತು, ಎಲ್ಲೂ ನಿಲ್ಲದೆ ದಾಟಿತು.

ನಾನು ಶಾಹೀನಳ ಕೆನ್ನೆಗೆ ಮುತ್ತು ಕೊಟ್ಟೆ. "ಹೊಲೀ, ಹೊಲೀ! ಆಮೇಲೆ ಮುತ್ತು!" ಎಂದು ತಳ್ಳಿದಳು.

ಟಕ್ ಟಕ್ ಟಕ್ ಟಕ್. ಅವಳು ಪಟ್ಟಿಯ ಭಾರವನ್ನು ಎದೆಗೊತ್ತಿ ಹಿಡಿದು ಹಿಂದೆ ಹಿಂದೆ ನಡೆದಳು, ನಾನು ಮುಂದಕ್ಕೆ ತಳ್ಳಿದೆ. ಒಂದು ಬದಿ ಮುಗಿಯಿತು. ಇನ್ನೊಂದು ಬದಿ. ಅಡ್ಡಕ್ಕೆ. ಮೂಲೆಗಳಲ್ಲಿ ಚೌಕ ಹೊಲಿದು ನಡುವೆ ಕತ್ತರಿ ಗುರುತು. ಅದರ ಮೇಲೆ ಮತ್ತೊಂದು ಸಾಲು. ಗ್ರ್ರ್ರ್ ಈಗ ಬರುತ್ತದೆ, ಈಗ ಬರುತ್ತದೆ ಎಂದು ಹಲ್ಲು ಕಚ್ಚಿಕೊಂಡೇ ಹೊಲಿದೆ. ಬರಲೇ ಇಲ್ಲ. ಮುಗಿದ ಮೇಲೆ ತಿರುವಿ ನೋಡಿದೆ. ಅಡಿಯ ಹೊಲಿಗೆ ಮುಖದ ಹೊಲಿಗೆಯಷ್ಟೇ ನೇರವಾಗಿ, ಇರುವೆ ಸಾಲಿನ ಹಾಗೆ ಹೋಗಿತ್ತು. ನನ್ನ ಜನ್ಮದಲ್ಲಿ ಅಂಥ ಹೊಲಿಗೆ ಹಾಕಿರಲಿಲ್ಲ.

ಸೈಟಿಗೆ ಹೊತ್ತುಕೊಂಡು ಓಡಿದೆವು. ಅಷ್ಟರಲ್ಲಿ ಅರ್ಧ ಬಡಾವಣೆ ಅಲ್ಲಿತ್ತು. ವಾಕಿಂಗಿಗೆ ಹೊರಟವರು, ಟ್ಯೂಷನ್ ಮಕ್ಕಳು, ಬಸ್ಸಿಳಿದು ಮನೆಗೆ ಹೋಗದೆ ನಿಂತವರು, ನನ್ನ ಯಜಮಾನರು. ಪಲ್ಲವಿ ಪಟ್ಟಿಯನ್ನು ಎರಡು ಕೈಯಲ್ಲೂ ಎಳೆದು ನೋಡಿ, ಒಂದು ತುದಿಯನ್ನು ಕ್ರೇನಿಗೆ ಸಿಕ್ಕಿಸಿ ತಾವೇ ಅದರ ಮೇಲೆ ಜೋತುಬಿದ್ದು ಪರೀಕ್ಷಿಸಿದರು. "ಹಾಕಿ" ಎಂದರು.

ಎಮ್ಮೆಯ ಹೊಟ್ಟೆಯ ಅಡಿಯ ಮರಳನ್ನು ಕೈಯಿಂದ ತೋಡಿ ಪಟ್ಟಿ ತೂರಿಸಿದರು. ಬಸಣ್ಣ ಕ್ರೇನ್ ಏರಿದ. "ಎಲ್ಲಾರೂ ದೂರ ಸರೀರಿ. ಮೇಡಂ, ನೀವು ಕೈ ಮಾಡ್ರಿ, ನಾ ನಿಮ್ಮ ಕೈ ನೋಡ್ಕೋತ ಎತ್ತತೀನಿ" ಎಂದ. ಮೂವರು ಮೇಡಂಗಳು ಒಮ್ಮೆಲೇ ಕೈ ಎತ್ತಿದೆವು. "ಎಮ್ಮಿ ಡಾಕ್ಟರ್ ಮೇಡಂ ಒಬ್ರೇ!" ಎಂದು ಕೂಗಿದ.

ಪಟ್ಟಿ ಬಿಗಿಯಾಯಿತು. ಚರ್ಮ ಕಿರ್ರ್ ಎಂದಿತು. ನನ್ನ ಕಣ್ಣು ಎಮ್ಮೆಯ ಮೇಲಿರಲಿಲ್ಲ, ಹೊಲಿಗೆಯ ಮೇಲಿತ್ತು. ಒಂದೊಂದು ಟಾಕೂ ಹಿಗ್ಗಿ, ನೆಟ್ಟಗಾಗಿ, ಹಿಡಿದುಕೊಂಡಿತು. ಕಪ್ಪು ಮೈ ಮರಳಿನಿಂದ ಮೇಲೆದ್ದಿತು. ಮುಂಗಾಲು ಊರಿತು, ಹಿಂಗಾಲುಗಳು ನೇತಾಡಿದವು, ಒಣಗಿಸಲು ಹಾಕಿದ ಬಟ್ಟೆಯ ಹಾಗೆ. ಜನ ಲೊಚಗುಟ್ಟಿದರು. ಮುನಿಯಮ್ಮ ಮುಖ ಮುಚ್ಚಿಕೊಂಡಳು.

"ಹೀಗೇ ಇರಲಿ, ಇಳಿಸಬೇಡಿ" ಎಂದು ಪಲ್ಲವಿ ಮೊಣಕಾಲೂರಿ ಕೂತು ಆ ತೊಡೆಗಳನ್ನು ತಿಕ್ಕತೊಡಗಿದರು. ಶಾಹೀನ ಇನ್ನೊಂದು ಕಾಲನ್ನು ಹಿಡಿದಳು. ನಾನೂ ಹೋದೆ. ಮಣ್ಣು, ಸಗಣಿ, ಬೆವರು ಯಾವುದೂ ಲೆಕ್ಕಕ್ಕೆ ಬರಲಿಲ್ಲ. ತಿಕ್ಕಿದೆವು, ಗೊರಸನ್ನು ಹಿಡಿದು ನೆಲಕ್ಕೆ ಒತ್ತಿದೆವು, ಮತ್ತೆ ತಿಕ್ಕಿದೆವು. ನನ್ನ ಅಂಗೈಯ ಕೆಳಗೆ ಏನೋ ಮಿಡಿಯಿತು. ಮೊದಲು ನನ್ನದೇ ಕೈ ನಡುಗುತ್ತಿದೆ ಎಂದುಕೊಂಡೆ. ಅಲ್ಲ! ಮಾಂಸಖಂಡ ಬಿಗಿದುಕೊಂಡಿತ್ತು. ಗೊರಸು ತಾನಾಗಿ ಮರಳನ್ನು ಕೆರೆಯಿತು.

"ಬಂತು! ಕಾಲು ಬಂತು!" ಎಂದು ನಾನು ಕಿರುಚಿದೆ.

"ಸ್ವಲ್ಪ ಇಳಿಸಿ ಬಸಣ್ಣ, ಸ್ವಲ್ಪವೇ!"

ಕ್ರೇನಿನ ಕೈ ಬೆರಳಷ್ಟು ಇಳಿಯಿತು. ಇನ್ನೊಂದು ಬೆರಳು. ಪಟ್ಟಿ ಸಡಿಲವಾಗುತ್ತ ಬಂತು. ಅದು ಪೂರಾ ಜೋತುಬಿದ್ದು ಎಮ್ಮೆಯ ಹೊಟ್ಟೆಗೂ ಅದಕ್ಕೂ ನಡುವೆ ಬೆಳಕು ಕಂಡಾಗಲೇ ನಮಗೆ ಗೊತ್ತಾದದ್ದು, ಅದು ತನ್ನ ಕಾಲ ಮೇಲೆ ತಾನೇ ನಿಂತಿದೆ ಎಂದು. ನಾಲ್ಕೂ ಕಾಲು ಗಡಗಡ ನಡುಗುತ್ತಿದ್ದವು. ಆದರೂ ನಿಂತಿತ್ತು. ಸುತ್ತ ನೆರೆದವರ ಕೂಗಿಗೆ ಕಿವಿಯನ್ನೂ ಅಲ್ಲಾಡಿಸದೆ, ಎದುರಿನ ಕಾಂಪೌಂಡನ್ನು ನೋಡಿಕೊಂಡು ನಿಂತಿತ್ತು. ಟ್ಯೂಷನ್ ಮಕ್ಕಳು ಕುಣಿದರು. ಬಸಣ್ಣ ಹಾರನ್ ಹೊಡೆದ. ನನ್ನವರು ಯಾರದೋ ಭುಜ ಹಿಡಿದುಕೊಂಡು, "ನಮ್ಮ ಮನೆಯವಳು ಹೊಲಿದದ್ದು ಕಣ್ರೀ, ನಮ್ಮ ಶೆಡ್ಡಲ್ಲಿ!" ಎನ್ನುತ್ತಿದ್ದರು.

ಮುನಿಯಮ್ಮ ಮಾತ್ರ ಎಮ್ಮೆಯ ಸುತ್ತ ಒಮ್ಮೆ ಬಂದು, ಬಗ್ಗಿ, ಕೆಚ್ಚಲು ಮುಟ್ಟಿ ನೋಡಿದಳು. ಬೆಳಗಿನಿಂದ ಹಾಲು ಕರೆಯದೆ ಅದು ಕಲ್ಲಾಗಿತ್ತು.

"ಪಾತ್ರೆ ತರ್ಲಾ?" ಎಂದೆ.

"ಈ ಹಾಲು ಯಾರೂ ಕುಡಿಯೋ ಹಾಗಿಲ್ಲಮ್ಮ" ಎಂದರು ಪಲ್ಲವಿ. "ಇಂಜೆಕ್ಷನ್ ಕೊಟ್ಟಿದ್ದೀನಲ್ಲ. ಕೆಲವು ದಿನ ಚೆಲ್ಲಬೇಕು."

"ಆಲು ಯಾರಿಗ್ ಬೇಕವ್ವ? ಅದಕ್ಕೆ ನೋಯ್ತಾ ಐತೆ" ಎಂದಳು ಮುನಿಯಮ್ಮ.

ಕ್ರೇನಿನ ಕೊಕ್ಕೆಯ ಕೆಳಗೆ, ಸಡಿಲವಾದ ನಮ್ಮ ಪಟ್ಟಿಯ ಪಕ್ಕದಲ್ಲಿ, ಅವಳು ಸೆರಗು ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತಳು. ಹಣೆಯನ್ನು ಆ ಕಪ್ಪು ಮಗ್ಗುಲಿಗೆ ಒತ್ತಿದಳು. ಜನರ ಗಲಾಟೆ ತಾನಾಗಿ ತಗ್ಗಿತು. ಮೊದಲ ಧಾರೆ ಚರ್ ಎಂದು ಮರಳಿಗೆ ಬಿತ್ತು, ಎರಡನೆಯದೂ ಬಿತ್ತು. ಬೆಳ್ಳನೆಯ ನೊರೆ ಬೂದು ಮರಳಿನ ಮೇಲೆ ಒಂದು ಗಳಿಗೆ ನಿಂತು, ಇಂಗಿ, ಮತ್ತೆ ನಿಂತಿತು. ಎಮ್ಮೆಯ ಹಿಂಗಾಲುಗಳ ನಡುಕ ಒಂದೊಂದು ಧಾರೆಗೂ ಇಳಿಯುತ್ತ ಬಂತು. ಶಾಹೀನ ನನ್ನ ಕೈ ಹಿಡಿದುಕೊಂಡಳು. ನಮ್ಮ ರಸ್ತೆಯವರೆಲ್ಲ ನಿಂತು, ಯಾರಿಗೂ ಬೇಡದ ಆ ಹಾಲು ನೆಲಕ್ಕೆ ಹೋಗುವುದನ್ನು, ಕೊನೆಯ ತೊಟ್ಟಿನವರೆಗೂ ನೋಡಿದೆವು.